ಹಕ್ಕಿ ಕೂತ ನೆಲೆ: ಹಂಗೇರಿಯ ಸಾಹಿತ್ಯ-ಸಂಗೀತಗಳಲ್ಲಿ ಹೊರಗಿನವರು

ಕೃತಿಯೊಂದರಲ್ಲಿ ಹಕ್ಕಿ ಕಾಣಿಸಿಕೊಂಡ ಕೂಡಲೇ ಅದನ್ನು ಬಿಡುಗಡೆಯ ಸಂಕೇತವೆಂದೋ ಆತ್ಮದ ಪ್ರತೀಕವೆಂದೋ ಗುರುತಿಸಿ ಮುಂದೆ ಸಾಗುವ ರೂಢಿ ನಮ್ಮ ಸಂಶೋಧನ ಪ್ರಬಂಧಗಳಲ್ಲಿ ಚೆನ್ನಾಗಿ ಬೇರೂರಿದೆ. ಇದಕ್ಕೆ ನಮ್ಮವೇ ಆದ ಕಾರಣಗಳಿರಬಹುದು. ಬೇಂದ್ರೆಯವರ ಕಾಲಪಕ್ಷಿಯನ್ನು ತರಗತಿಗಳಲ್ಲಿ ದಶಕಗಳಿಂದ ಪಾಠ ಹೇಳುತ್ತ ಬಂದಿರುವ ನಮಗೆ ಹಕ್ಕಿಯೆಂದರೆ ಹಾರುವುದು, ಹಾರುವುದೆಂದರೆ ಮೇಲೇರುವುದು ಎಂಬ ಸಮೀಕರಣ ಸಹಜವೆನಿಸಿಬಿಟ್ಟಿದೆ. ಬೇಂದ್ರೆಯವರ ಕವಿತೆಯ ಮಟ್ಟಿಗೆ ಇದು ಸರಿಯೂ ಹೌದು. ಆದರೆ ಈ ಸಮೀಕರಣವನ್ನು ಹೊತ್ತುಕೊಂಡು ಬೇರೊಂದು ನಾಡಿನ ಸಾಹಿತ್ಯಕ್ಕೆ ಹೋದಾಗ ಆಗುವ ಎಡವಟ್ಟುಗಳು ಸಣ್ಣವಲ್ಲ. 2025ರಲ್ಲಿ ಲಾಸ್ಲೋ ಕ್ರಾಸ್ನಾಹೊರ್ಕಯ್ ಅವರಿಗೆ ನೊಬೆಲ್ ಪ್ರಶಸ್ತಿ ಸಂದ ಮೇಲೆ ಹಂಗೇರಿಯ ಸಾಹಿತ್ಯದತ್ತ ನಮ್ಮ ತೌಲನಿಕ ಅಧ್ಯಯನದ ಆಸಕ್ತರು ತಿರುಗಿ ನೋಡುವ ಸಂಭವ ಹೆಚ್ಚಿದೆ. ಆ ಸಾಹಿತ್ಯದಲ್ಲಿಯೂ ಅದಕ್ಕೆ ಹೊಂದಿಕೊಂಡ ಸಂಗೀತದಲ್ಲಿಯೂ ಹಕ್ಕಿಗಳು ಹೇರಳವಾಗಿವೆ. ಅವುಗಳಲ್ಲಿ ಬಹಳಷ್ಟು ಹೊರಗಿನವರ ಹಕ್ಕಿಗಳು. ಸೆರೆಯಾಳು, ದೇಶಭ್ರಷ್ಟ, ಯೆಹೂದ್ಯ, ಮದುವೆಯಾಗದೆ ಉಳಿದ ಮಗಳು, ಪ್ರಕಟಣೆಯ ಹಕ್ಕು ಕಳೆದುಕೊಂಡ ಕವಿ, ಇವರೆಲ್ಲರ ಜೊತೆಗೆ ಅಲ್ಲಿ ಒಂದೊಂದು ಹಕ್ಕಿಯಿದೆ. ಈ ಹಕ್ಕಿಗಳನ್ನು ಅರ್ಥಮಾಡಿಕೊಳ್ಳಲು ಅವುಗಳ ಹಾರಾಟಕ್ಕಿಂತ ಅವು ಎಲ್ಲಿ ಕೂತಿವೆ ಎಂಬುದನ್ನು ಮೊದಲು ನೋಡಬೇಕು ಎಂಬುದು ಪ್ರಸ್ತುತ ಲೇಖನದ ನಿಲುವು.

ಹಂಗೇರಿಯನ್ನರ ಮೂಲಪುರಾಣದಲ್ಲಿಯೇ ಒಂದು ಹಕ್ಕಿಯಿದೆ. ತುರುಲ್ ಎಂಬ ಈ ಬೇಟೆಹಕ್ಕಿ ಎಮೆಶೆ ಎಂಬಾಕೆಯ ಕನಸಿನಲ್ಲಿ ಕಾಣಿಸಿಕೊಂಡು, ಅವಳ ಬಸಿರಿನಿಂದ ರಾಜರ ಪರಂಪರೆಯೊಂದು ಹೊರಡಲಿದೆಯೆಂದು ಸೂಚಿಸಿತೆಂಬ ಕಥೆ ಸುಮಾರು 1200ರ ಹೊತ್ತಿಗೆ ರಚಿತವಾದ ಲ್ಯಾಟಿನ್ ವೃತ್ತಾಂತದಲ್ಲಿ ದೊರೆಯುತ್ತದೆ. ಹುಟ್ಟಿದ ಮಗುವಿಗೆ ಆಲ್ಮೋಶ್ ಎಂದು ಹೆಸರಾಯಿತು. ಹಂಗೇರಿ ಭಾಷೆಯಲ್ಲಿ ಆಲೋಮ್ ಎಂದರೆ ಕನಸು. ಆಲ್ಮೋಶನ ಮಗ ಆರ್ಪಾದ್. 9ನೆಯ ಶತಮಾನದ ಕೊನೆಯಲ್ಲಿ ಕಾರ್ಪೇಥಿಯನ್ ಬಯಲಿಗೆ ಬಂದಿಳಿದ ಈ ಜನ ಯೂರೋಪಿಗೆ ಹೊರಗಿನವರು. ಅವರ ಭಾಷೆಗೆ ಸುತ್ತಲಿನ ಸ್ಲಾವ್, ಜರ್ಮನ್, ರೊಮೇನಿಯನ್ ನುಡಿಗಳೊಡನೆ ನಂಟಿಲ್ಲ. ಹೀಗಾಗಿ ತುರುಲ್ ಮೊದಲಿಗೆ ನೆಲೆಯಿಲ್ಲದವರ ಹಕ್ಕಿಯೇ. ಆದರೆ ಅದು ಮುಂದೆ ಎಲ್ಲಿ ಹೋಗಿ ಕೂತಿತು ನೋಡಿ. ನಾಡಿಗೆ ಬಂದು ಸಾವಿರ ವರ್ಷವಾದುದರ ಸಂಭ್ರಮದ ಮುಂದುವರಿಕೆಯಾಗಿ 1907ರಲ್ಲಿ ತತಾಬಾನ್ಯದ ಬೆಟ್ಟದ ಮೇಲೆ ಸುಮಾರು 15 ಮೀಟರ್ ರೆಕ್ಕೆಯಗಲದ ಕಂಚಿನ ತುರುಲ್ ನಿಂತಿತು. ಅದಕ್ಕೂ ಮೊದಲು, 1905ರಲ್ಲಿ, ಬುಡಾದ ಅರಮನೆಯ ಬಾಗಿಲ ಬಳಿ ಮತ್ತೊಂದು. ಮೊದಲ ಮಹಾಯುದ್ಧದ ಸೋಲಿನ ಬಳಿಕ 1919ರಲ್ಲಿ ಹುಟ್ಟಿದ ವಿದ್ಯಾರ್ಥಿ ಸಂಘಟನೆಯೊಂದು ತುರುಲ್ ಎಂಬ ಹೆಸರನ್ನೇ ಇಟ್ಟುಕೊಂಡಿತು; ವಿಶ್ವವಿದ್ಯಾಲಯಗಳಲ್ಲಿ ಯೆಹೂದ್ಯ ವಿದ್ಯಾರ್ಥಿಗಳ ಮೇಲೆ ನಡೆದ ಹಲ್ಲೆಗಳಲ್ಲಿ ಅದರ ಪಾತ್ರವಿತ್ತು. 1920ರ ಕಾಯಿದೆಯಂತೂ ಉನ್ನತ ಶಿಕ್ಷಣದಲ್ಲಿ ಯೆಹೂದ್ಯರ ಪ್ರವೇಶಕ್ಕೆ ಮಿತಿಯನ್ನೇ ಹೇರಿತು. ದಾರಿತೋರಿದ ಹಕ್ಕಿ ಬಾಗಿಲು ಕಾಯುವ ಹಕ್ಕಿಯಾಯಿತು. 2005ರಲ್ಲಿ ಬುಡಾಪೆಸ್ಟಿನ 12ನೆಯ ವಿಭಾಗದಲ್ಲಿ ನಿಲ್ಲಿಸಲಾದ ತುರುಲ್ ವಿಗ್ರಹದ ಸುತ್ತ ವರ್ಷಗಟ್ಟಲೆ ವಿವಾದ ನಡೆದುದಕ್ಕೆ ಈ ಹಿನ್ನೆಲೆಯಿದೆ. ರೆಕ್ಕೆ ಅದೇ, ಕೊಕ್ಕು ಅದೇ. ಬದಲಾದದ್ದು ಕೂತ ಜಾಗ.

ಇದಕ್ಕೆ ಎದುರಾಗಿ ಇಡಬೇಕಾದ ಹಕ್ಕಿ ನವಿಲು. ಹಂಗೇರಿಯ ಜನಪದ ಗೀತೆಗಳಲ್ಲಿ ಅತ್ಯಂತ ಪ್ರಸಿದ್ಧವಾದ ಒಂದರಲ್ಲಿ ನವಿಲೊಂದು ಹಾರಿಹೋಗಿ ಜಿಲ್ಲಾಡಳಿತದ ಕಟ್ಟಡದ ಮೇಲೆ ಕೂರುತ್ತದೆ. ಆ ಕಾಲದ ಹಂಗೇರಿಯಲ್ಲಿ ಈ ಕಟ್ಟಡವೆಂದರೆ ಬರಿಯ ಕಚೇರಿಯಲ್ಲ. ಕಂದಾಯ, ನ್ಯಾಯವಿಚಾರಣೆ, ಸೆರೆ ಎಲ್ಲವೂ ಜಮೀನ್ದಾರ ವರ್ಗದ ಕೈಯಲ್ಲಿದ್ದ ಆ ಆಡಳಿತದ ಆವರಣದಲ್ಲಿಯೇ ಸೇರಿದ್ದವು. ಗೀತೆಯ ಪ್ರಚಲಿತ ಪಾಠದ ಪ್ರಕಾರ ನವಿಲು ಅಲ್ಲಿಗೆ ಬಂದದ್ದು ಸೆರೆಯಾಳುಗಳ ಬಿಡುಗಡೆಗಾಗಿ ಅಲ್ಲ. ಈ ಒಂದು ನಿಷೇಧದ ಮೇಲೆ ಗೀತೆಯ ಭಾರವೆಲ್ಲ ನಿಂತಿದೆ. ಸೆರೆಯ ಕಿಂಡಿಯಿಂದ ನೋಡುವವನಿಗೆ ಸೂರಿನ ಮೇಲಿನ ಬಣ್ಣದ ಹಕ್ಕಿ ಕಾಣುತ್ತದೆ, ಆದರೆ ಅದು ತನ್ನದಲ್ಲ. ಹಕ್ಕಿಯನ್ನು ಕಂಡ ಕೂಡಲೇ ಸ್ವಾತಂತ್ರ್ಯವೆಂದು ಷರಾ ಬರೆಯುವ ನಮ್ಮ ಸಂಶೋಧಕ ಈ ಗೀತೆಯನ್ನು ಅದರ ಅರ್ಥಕ್ಕೆ ನೇರ ವಿರುದ್ಧವಾಗಿ ಓದಿಬಿಡುತ್ತಾನೆ.

20ನೆಯ ಶತಮಾನದ ಮೊದಲ ದಶಕದಲ್ಲಿ ಕವಿ ಎಂಡ್ರೆ ಆಡಿ ಈ ನವಿಲನ್ನು ತನ್ನ ಪದ್ಯದೊಳಕ್ಕೆ ಕರೆದುಕೊಂಡ. ಅವನು ಎತ್ತಿಕೊಂಡ ರೂಪದಲ್ಲಿ ಆ ನಿಷೇಧವಿಲ್ಲ: ನವಿಲು ಬಡಹುಡುಗರ ಬಿಡುಗಡೆಗಾಗಿಯೇ ಬರುತ್ತದೆ. ಇಲ್ಲಿ ಬಡಹುಡುಗರು ಎಂದು ನಾನು ಅಕ್ಷರಶಃ ಅನುವಾದಿಸಿರುವ ಸೆಗೇನ್‌ಲೆಗೇನ್ ಎಂಬ ಮಾತಿಗೆ ಹಂಗೇರಿಯಲ್ಲಿ ದೀರ್ಘ ಚರಿತ್ರೆಯಿದೆ. ನೆಲೆತಪ್ಪಿದ ಸೈನಿಕ, ಬಂಡುಕೋರ, ಕೊನೆಗೆ ದರೋಡೆಕೋರ, ಹೀಗೆ ಕಾನೂನಿನ ಹೊರಗೆ ಬಿದ್ದವರೆಲ್ಲ ಆ ಮಾತಿನೊಳಗೆ ಬರುತ್ತಾರೆ. (ನಮ್ಮ ಫಿಲ್ಮ್ ಸೊಸೈಟಿಗಳ ಹಿರಿಯರಿಗೆ ಮಿಕ್ಲೋಶ್ ಯಾಂಚೊನ 1966ರ ಚಿತ್ರ ನೆನಪಿರಬಹುದು, ಅದರ ಮೂಲ ಶೀರ್ಷಿಕೆ ಇದೇ ಪದದ ಬಹುವಚನ. ಇಂಗ್ಲಿಷ್ ಶೀರ್ಷಿಕೆಯಲ್ಲಿ ಈ ಧ್ವನಿ ಪೂರ್ತಿ ಮಾಯವಾಗಿದೆ.) ಆಡಿಯದು ಸರಳ ಆಶಾವಾದವೇನಲ್ಲ. ತನ್ನ ನಂಬಿಕೆ ನಿಜವಾಗಬೇಕು, ಇಲ್ಲವೇ ತಾವೆಲ್ಲ ಹುಚ್ಚರಾಗಿ ಅಳಿಯಬೇಕು ಎಂಬ ಇಕ್ಕಟ್ಟಿಗೆ ಪದ್ಯ ಬಂದು ನಿಲ್ಲುತ್ತದೆ. ಆದರೂ ನವಿಲು ಯಾರ ಪರವಾಗಿ ಸೂರಿನ ಮೇಲೆ ಕೂತಿದೆ ಎಂಬುದನ್ನು ಅವನು ಬದಲಿಸಿದ್ದಾನೆ. ಜನಪದ ಆಶಯವೊಂದನ್ನು ಆಧುನಿಕ ಕವಿ ಬಳಸಿಕೊಂಡಾಗ ಆಶಯ ಮುಂದುವರಿದಿದೆ ಎಂದಷ್ಟೇ ಹೇಳಿ ತೃಪ್ತರಾಗುವ ನಾವು ಇಂಥ ಒಂದು ಪದದ ಲೋಪವನ್ನು ಹುಡುಕುವುದೇ ಇಲ್ಲ.

ಇದೇ ಗೀತೆಯ ಮಟ್ಟು ಜೊಲ್ತಾನ್ ಕೊಡಾಯ್‌ಗೆ ದೊರೆತದ್ದು 1935ರಲ್ಲಿ ಶೊಮೊಜ್ ಜಿಲ್ಲೆಯ ಶುರ್ದ್ ಎಂಬ ಹಳ್ಳಿಯಿಂದ ಸಂಗ್ರಹವಾದ ಪಾಠದ ಮೂಲಕ. ಇದು ಐದು ಸ್ವರಗಳ ಮಟ್ಟು. ನಮ್ಮ ಶುದ್ಧಧನ್ಯಾಸಿಯ ಸ್ವರಗಳಿಗೆ ಹೊಂದುತ್ತದೆ ಎಂದರೆ ಸಂಗೀತ ಬಲ್ಲ ಓದುಗರಿಗೆ ಅಂದಾಜು ಸಿಕ್ಕೀತು. ಮೇಲಿನ ಸ್ಥಾಯಿಯಲ್ಲಿ ಮೊದಲ ಅರ್ಧ ಮುಗಿಯುತ್ತದೆ, ಎರಡನೆಯ ಅರ್ಧ ಅದೇ ಮಟ್ಟನ್ನು ಐದು ಸ್ವರಸ್ಥಾನ ಕೆಳಗೆ ಇಳಿಸಿ ಹೇಳುತ್ತದೆ. ವೋಲ್ಗಾ ನದಿಯ ಕಡೆಯ ಮಾರಿ ಜನಾಂಗದ ಹಾಡುಗಳಲ್ಲಿ ಇದೇ ಬಗೆಯ ರಚನೆಯಿರುವುದನ್ನು ಕೊಡಾಯ್ ಗುರುತಿಸಿ, ಹಂಗೇರಿಯ ಸಂಗೀತದ ಪ್ರಾಚೀನ ಪದರವನ್ನು ಇದರಿಂದ ಊಹಿಸಿದ. ನನಗೆ ಮುಖ್ಯವಾಗಿ ಕಾಣುವುದು ಬೇರೊಂದು ಸಂಗತಿ. ಮಾತು ನವಿಲು ಮೇಲಕ್ಕೆ ಹಾರಿತೆನ್ನುತ್ತದೆ. ಸ್ವರ ಮೇಲಿನಿಂದ ಕೆಳಗೆ ಇಳಿಯುತ್ತದೆ. ಹಾಡುವವನು ಎಲ್ಲಿದ್ದಾನೆ ಎಂಬುದನ್ನು ಮಟ್ಟೇ ಹೇಳಿಬಿಡುತ್ತದೆ.

ಕೊಡಾಯ್ 1937ರಲ್ಲಿ ಆಡಿಯ ಪದ್ಯವನ್ನು ಪುರುಷರ ಮೇಳಗಾಯನಕ್ಕೆ ಅಳವಡಿಸಿದ. ಎರಡು ವರ್ಷಗಳ ಅನಂತರ ಇದೇ ಮಟ್ಟನ್ನು ಆಧರಿಸಿ, ಆಮ್‌ಸ್ಟರ್‌ಡಾಮಿನ ಕನ್ಸರ್ಟ್‌ಗೆಬೌ ವಾದ್ಯವೃಂದದ ಐವತ್ತನೆಯ ವರ್ಷಕ್ಕಾಗಿ ದೊಡ್ಡ ಕೃತಿಯೊಂದನ್ನು ರಚಿಸಿದ. 1939ರ ನವೆಂಬರ್ ತಿಂಗಳಲ್ಲಿ ಅದು ಮೊದಲು ಪ್ರದರ್ಶನಗೊಂಡಾಗ ಯುದ್ಧ ಆರಂಭವಾಗಿ ಮೂರು ತಿಂಗಳೂ ಕಳೆದಿರಲಿಲ್ಲ. ವಾದ್ಯವೃಂದಕ್ಕೆ ಪದಗಳಿಲ್ಲ. ಹಾಗಾಗಿ ನವಿಲು ಸೆರೆಯಾಳುಗಳಿಗಾಗಿ ಬಂದಿತೋ ಇಲ್ಲವೋ ಎಂಬ ಪ್ರಶ್ನೆಯನ್ನು ಈ ಕೃತಿ ಯಾವ ಕಡೆಗೂ ತೀರ್ಮಾನಿಸದೆ ಹಿಡಿದುಕೊಂಡಿರುತ್ತದೆ. ಅದರ ಹದಿನಾರು ರೂಪಾಂತರಗಳಲ್ಲಿ ಒಂದು ಶವಯಾತ್ರೆಯ ನಡಿಗೆ, ಕೊನೆಯದು ಸಂಭ್ರಮ. ಹಂಗೇರಿಯನ್ನರು ಒಳಗಿವಿಯಲ್ಲಿ ಯಾವ ಪಾಠವನ್ನು ಕೇಳಿಕೊಂಡರೋ ಆ ಅರ್ಥ ಅವರಿಗೆ ದಕ್ಕಿತು. ಸಂಗೀತವನ್ನು ಸಾಹಿತ್ಯದ ಅನುಬಂಧದಂತೆ ನೋಡುವ ನಮ್ಮ ಪದ್ಧತಿಯಲ್ಲಿ ಈ ಬಗೆಯ ಮೌನಕ್ಕೆ ಸ್ಥಾನವಿಲ್ಲ.

ಕೊಕ್ಕರೆಯ ವಿಷಯ ಇಷ್ಟು ಜಟಿಲವಲ್ಲ. 1848-49ರ ಸ್ವಾತಂತ್ರ್ಯ ಹೋರಾಟವನ್ನು ಆಸ್ಟ್ರಿಯ ರಷ್ಯಾದ ಸಹಾಯದಿಂದ ಹತ್ತಿಕ್ಕಿದ ಮೇಲೆ, ಪಾದ್ರಿಯೂ ಆಗಿದ್ದ ಕವಿ ಮಿಹಾಯ್ ತೊಂಪ 1850ರಲ್ಲಿ ಕೊಕ್ಕರೆಯನ್ನು ಕುರಿತು ಒಂದು ಪದ್ಯ ಬರೆದ. ವಸಂತದಲ್ಲಿ ಮರಳಿಬಂದ ಹಕ್ಕಿಗೆ ಇಲ್ಲಿ ನಿಲ್ಲಬೇಡ, ಹೊರಟುಹೋಗು ಎಂದು ಅದು ಹೇಳುತ್ತದೆ. ಕೊಕ್ಕರೆಗೆ ಎರಡು ನಾಡುಗಳಿವೆ. ಮನುಷ್ಯನಿಗಿದ್ದ ಒಂದೂ ಕೈತಪ್ಪಿದೆ. ಅನ್ಯೋಕ್ತಿಯ ಈ ತಂತ್ರ ನಮ್ಮ ಓದುಗರಿಗೆ ಹೊಸದಲ್ಲ. ಆದರೆ ಇಲ್ಲಿ ಹೊರಗಿನವನು ಯಾರು ಎಂಬುದು ತಿರುಗುಮುರುಗಾಗಿರುವುದನ್ನು ಗಮನಿಸಬೇಕು. ವಲಸೆಯ ಹಕ್ಕಿಗೆ ನೆಲೆಯಿದೆ, ಊರಿನಲ್ಲೇ ಉಳಿದ ಕವಿಗೆ ಇಲ್ಲ. ಪದ್ಯದ ಒಳದನಿ ಆಡಳಿತಕ್ಕೂ ಅರ್ಥವಾಯಿತು. ತೊಂಪ ಬಂಧನ, ವಿಚಾರಣೆಗಳನ್ನು ಎದುರಿಸಬೇಕಾಯಿತು. ಕಾವ್ಯದ ಧ್ವನಿಯನ್ನು ಪೊಲೀಸರು ವಿಮರ್ಶಕರಿಗಿಂತ ಬೇಗ ಗ್ರಹಿಸುವುದುಂಟು.

ಯೆಹೂದ್ಯರ ಹಕ್ಕಿ ಇನ್ನೊಂದು ಬಗೆಯದು. ಹಂಗೇರಿಯ ಈಶಾನ್ಯದ ನಾಜ್‌ಕಾಲ್ಲೋ ಎಂಬ ಪಟ್ಟಣದಲ್ಲಿದ್ದು 1821ರಲ್ಲಿ ತೀರಿಕೊಂಡ ಹಸಿದ್ ಪಂಥದ ಗುರು ಇಸಾಕ್ ತೌಬ್ ಬಗ್ಗೆ ಒಂದು ಐತಿಹ್ಯವಿದೆ. ಹೊಲದ ದಾರಿಯಲ್ಲಿ ಕುರುಬನೊಬ್ಬ ಹಾಡುತ್ತಿದ್ದುದನ್ನು ಕೇಳಿದ ಗುರು ಆ ಹಾಡನ್ನು ಹಣ ಕೊಟ್ಟು ಕೊಂಡನಂತೆ. ಕೊಂಡ ಕೂಡಲೇ ಹಾಡು ಗುರುವಿಗೆ ಬಂದಿತು, ಕುರುಬನಿಗೆ ಮರೆತುಹೋಯಿತು. ಹಾಡಿನಲ್ಲಿ ಕೋಳಿ ಕೂಗಿ ಬೆಳಗಾಗುತ್ತಿರುವ ಹೊತ್ತು. ಹಸಿರು ಕಾಡಿನಲ್ಲಿ, ಬಯಲಿನಲ್ಲಿ ಒಂದು ಬಣ್ಣದ ಹಕ್ಕಿ. ಅದು ಹಾರುವುದಿಲ್ಲ, ಕೂರುವುದೂ ಇಲ್ಲ, ಅಡ್ಡಾಡುತ್ತದೆ, ಕಾಯುತ್ತದೆ. ಹಂಗೇರಿ ಭಾಷೆಯ ಈ ಪ್ರೇಮಗೀತೆಗೆ ಹೀಬ್ರೂ ಮಾತುಗಳನ್ನು ಜೋಡಿಸಿ, ದೇವಾಲಯ ಮತ್ತೆ ಎದ್ದು ಸೀಯೋನ್ ನಗರ ತುಂಬುವ ದಿನದ ನಿರೀಕ್ಷೆಯ ಹಾಡಾಗಿ ಹಸಿದರು ಹಾಡುತ್ತ ಬಂದರು. ಕೊಡುಕೊಳೆಯ ಸುಂದರ ಉದಾಹರಣೆಯೆಂದು ಇದನ್ನು ಹೊಗಳಿ ಬಿಡುವುದು ಸುಲಭ. ಆದರೆ ಐತಿಹ್ಯದ ಒಳಗೇ ಒಂದು ಮುಳ್ಳಿದೆ. ಒಬ್ಬನು ಪಡೆದರೆ ಇನ್ನೊಬ್ಬನು ಮರೆಯಲೇಬೇಕು; ಇಬ್ಬರಿಗೂ ಒಟ್ಟಿಗೆ ಸೇರಿದ ಹಾಡು ಎಂಬ ಕಲ್ಪನೆ ಆ ಕಥೆಗೇ ಇಲ್ಲ.

1944ರ ಮೇ ತಿಂಗಳ ಮಧ್ಯದಿಂದ ಜುಲೈ ಮೊದಲ ಭಾಗದವರೆಗೆ, ಎಂಟು ವಾರಗಳಷ್ಟೇ ಅವಧಿಯಲ್ಲಿ, ಹಂಗೇರಿಯಿಂದ 4 ಲಕ್ಷ 30 ಸಾವಿರಕ್ಕೂ ಹೆಚ್ಚು ಯೆಹೂದ್ಯರನ್ನು ಸಾಗಿಸಲಾಯಿತು. ಬಹುಪಾಲು ಜನ ಹೋದದ್ದು ಆಶ್ವಿಟ್ಸ್‌ಗೆ. ಹಾಡುವವರು ಹೋದ ಮೇಲೆ ಮಟ್ಟುಗಳು ಎಲ್ಲಿ ಉಳಿದವು? ಮುಜಿಕಾಶ್ ಎಂಬ ಜನಪದ ವಾದ್ಯತಂಡ 1990ರ ದಶಕದ ಆರಂಭದಲ್ಲಿ ಟ್ರಾನ್ಸಿಲ್ವೇನಿಯದ ಯೆಹೂದ್ಯ ಸಂಗೀತವನ್ನು ಮುದ್ರಿಸಲು ಹೊರಟಾಗ ಅವು ಸಿಕ್ಕಿದ್ದು ರೋಮಾ ಸಮುದಾಯದ ಹಿರಿಯ ವಾದಕರಲ್ಲಿ. ಯುದ್ಧಕ್ಕೆ ಮುಂಚೆ ಯೆಹೂದ್ಯರ ಮದುವೆಗಳಿಗೆ ನುಡಿಸಲು ಹೋಗುತ್ತಿದ್ದವರು ಅವರು. ಮಾರ್ತಾ ಶೆಬೆಶ್ಚೆನ್ ದನಿಯಲ್ಲಿ ಆ ಕೋಳಿಯ ಹಾಡು ಮತ್ತೆ ಕೇಳಿಸಿತು. ಹೊರಗಿಡಲ್ಪಟ್ಟ ಒಂದು ಸಮುದಾಯದ ನೆನಪನ್ನು ಹೊರಗಿಡಲ್ಪಟ್ಟ ಇನ್ನೊಂದು ಸಮುದಾಯದ ಬೆರಳುಗಳು ಕಾಪಾಡಿದ್ದವು. ಆ ವಾದಕರ ಪೂರ್ವಿಕರ ನುಡಿ ನಮ್ಮ ಉಪಖಂಡದಿಂದ ಹೊರಟ ಒಂದು ಇಂಡೋ-ಆರ್ಯನ್ ಭಾಷೆ ಎಂಬುದನ್ನು ಭಾಷಾವಿಜ್ಞಾನದ ತರಗತಿಯಲ್ಲಿ ನಾವು ಹೇಳುತ್ತೇವೆ. ಅವರ ಸಂಗೀತದ ಮಾತು ಬಂದಾಗ ಮರೆಯುತ್ತೇವೆ.

ಇದುವರೆಗಿನ ಹಕ್ಕಿಗಳು ಸಮುದಾಯಗಳವು. ದೆಜೋ ಕೊಸ್ತೊಲಾನ್ಯಿಯ ‘ಪಚಿರ್ತ’ (1924) ಕಾದಂಬರಿಯ ಹಕ್ಕಿ ಒಂದು ಮನೆಯೊಳಗಿದೆ. ಪಚಿರ್ತ ಎಂದರೆ ಆಕಾಶಕ್ಕೇರಿ ಹಾಡುವ ಪುಟ್ಟ ಹಕ್ಕಿ. ಬಹಳ ಹಿಂದೆ, ಮಗಳು ಹಾಡುತ್ತಿದ್ದ ಕಾಲದಲ್ಲಿ, ತಂದೆತಾಯಿ ಅವಳಿಗೆ ಈ ಹೆಸರಿಟ್ಟರು. ಈಗ ಅವಳಿಗೆ ಮೂವತ್ತೈದು. ರೂಪವಿಲ್ಲ, ಮದುವೆಯಾಗಿಲ್ಲ, ಹಾಡೂ ಇಲ್ಲ. ಬಾಲ್ಯದ ಅಂಗಿಯಂತೆ ಹೆಸರು ಮಾತ್ರ ಮೈಗೆ ಬಿಗಿದುಕೊಂಡಿದೆ. 1899ರ ಸೆಪ್ಟೆಂಬರಿನಲ್ಲಿ ಅವಳು ಒಂದು ವಾರ ನೆಂಟರ ಮನೆಗೆ ಹೋಗುತ್ತಾಳೆ. ಅವಳಿಲ್ಲದ ಆ ವಾರದಲ್ಲಿ ಮುದಿ ದಂಪತಿಗಳು ಹೋಟೆಲಿನ ಊಟ, ನಾಟಕ, ಗೆಳೆಯರ ಕೂಟ ಎಂದು ಮತ್ತೆ ಬದುಕಿನ ರುಚಿ ನೋಡುತ್ತಾರೆ. ಕೊನೆಗೊಂದು ರಾತ್ರಿ ಕುಡಿದು ಬಂದ ತಂದೆಯ ಬಾಯಿಂದ ನಿಜ ಹೊರಬೀಳುತ್ತದೆ: ಮಗಳು ತಮಗೆ ಬೇಡವಾಗಿದ್ದಾಳೆ, ಸತ್ತಿದ್ದರೇ ಒಳ್ಳೆಯದಿತ್ತು. ಮರುದಿನ ಅವಳು ಹಿಂದಿರುಗುತ್ತಾಳೆ. ಕೈಯಲ್ಲಿ ಪಂಜರ, ಪಂಜರದಲ್ಲಿ ಒಂದು ಪಾರಿವಾಳ. ಅವರ ಹಕ್ಕಿ ಗೂಡಿಗೆ ಮರಳಿದೆ. ಅವಳು ತನ್ನ ಕೋಣೆಯಲ್ಲಿ ದಿಂಬಿಗೆ ಮುಖ ಒತ್ತಿ ಅಳುತ್ತಾಳೆ. ಎಲ್ಲವೂ ಅವಳಿಗೆ ಗೊತ್ತಿತ್ತೇ? ಕಾದಂಬರಿ ಹೇಳುವುದಿಲ್ಲ.

ನಾನು ಓದಿದ ಕಾದಂಬರಿಗಳಲ್ಲಿ ಹೆಸರೊಂದು ಇಷ್ಟು ಕ್ರೂರವಾಗಿರುವುದು ಅಪರೂಪ. ಪ್ರೀತಿಯಿಂದ ಇಟ್ಟ ಹೆಸರೇ ಅವಳನ್ನು ಹೊರಗಿಡುವ ಸಾಧನವಾಗಿದೆ. ಹಕ್ಕಿಯ ಹೆಸರನ್ನು ಇಡುವವರು ಒಳಗಿನವರು, ಹೊರುವವರು ಹೊರಗಿನವರು. ನಮ್ಮ ನಾಡಿನ ಅಲೆಮಾರಿ ಸಮುದಾಯವೊಂದನ್ನು, ಅವರು ಮನೆಯಲ್ಲಿ ವಾಗ್ರಿ ಭಾಷೆ ಆಡಿದರೂ, ಕನ್ನಡಿಗರು ಹಕ್ಕಿಪಿಕ್ಕಿ ಎಂದೇ ಕರೆಯುತ್ತ ಬಂದಿರುವುದು ಈ ಸಂದರ್ಭದಲ್ಲಿ ನೆನಪಾಗದೆ ಇರದು. ಕಾದಂಬರಿಯ ತಂದೆ ನಿವೃತ್ತ ದಫ್ತರಪಾಲಕ, ವಂಶಾವಳಿಗಳ ಅಧ್ಯಯನದಲ್ಲಿ ಮುಳುಗಿದವನು. ತನ್ನ ಮಗಳಲ್ಲಿ ವಂಶ ನಿಂತುಹೋಗುವುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಕೊಸ್ತೊಲಾನ್ಯಿಗೂ ತನ್ನದೊಂದು ನಷ್ಟವಿತ್ತು. ಕಾದಂಬರಿಯ ಊರಿಗೆ ಮಾದರಿಯಾದ ಅವನ ಹುಟ್ಟೂರು ಸಬಾದ್ಕ 1920ರ ಟ್ರಿಯನಾನ್ ಒಪ್ಪಂದದ ಬಳಿಕ ಹಂಗೇರಿಯ ಗಡಿಯಾಚೆಗೆ ಹೋಗಿತ್ತು.

ಆಗ್ನೆಶ್ ನೆಮೆಶ್ ನಾಜ್ (1922-1991) ಬರೆದ ‘ಹಕ್ಕಿ’ ಎಂಬ ಚಿಕ್ಕ ಪದ್ಯದಲ್ಲಿ ಹಕ್ಕಿ ಕೂತಿರುವುದು ಹೇಳುವವಳ ಹೆಗಲ ಮೇಲೆ. ಅದು ಅವಳ ಜೊತೆಯಲ್ಲೇ ಹುಟ್ಟಿದ್ದು, ಬೆಳೆದು ಭಾರವಾಗಿ ನಡಿಗೆಯನ್ನೇ ಹಿಂಸೆಯಾಗಿಸಿದೆ. ಆದರೆ ಅದು ಹಾರಿಹೋದರೆ ಅವಳು ಸಮತೋಲ ತಪ್ಪಿ ಬೀಳುತ್ತಾಳೆ. ಆಕೆ ಸೇರಿದ್ದ ‘ಊಯ್‌ಹೋಲ್ದ್’ ಪತ್ರಿಕೆ 1948ರಲ್ಲಿ ನಿಂತುಹೋಗಿ, ಮುಂದಿನ ವರ್ಷಗಳಲ್ಲಿ ಸ್ವಂತ ಕವಿತೆಗಳಿಗೆ ಪ್ರಕಟಣೆಯ ದಾರಿ ಮುಚ್ಚಿತ್ತು. ಅನುವಾದ, ಮಕ್ಕಳ ಸಾಹಿತ್ಯ, ಶಾಲೆಯ ಪಾಠ ಇವುಗಳಲ್ಲಿ ಆಕೆ ಕಾಲ ಕಳೆಯಬೇಕಾಯಿತು. ಮೂಲದಲ್ಲಿ ಈ ಹಕ್ಕಿಗೆ ಬಳಸಿರುವ ಸಂಬಂಧಾರ್ಥಕ ಸರ್ವನಾಮ, ಸಾಮಾನ್ಯವಾಗಿ ಮನುಷ್ಯರಿಗೆ ಸಲ್ಲುವ ‘ಕಿ’. ಕನ್ನಡದಲ್ಲಿ ‘ನನ್ನೊಡನೆ ಹುಟ್ಟಿದ ಹಕ್ಕಿ’ ಎಂದು ಕೃದಂತದಿಂದ ಹೇಳಿಬಿಟ್ಟರೆ ವಾಕ್ಯ ಸೊಗಸಾಗುತ್ತದೆ, ಆದರೆ ಹಕ್ಕಿಗೆ ಸಂದ ಮನುಷ್ಯತ್ವ ಸದ್ದಿಲ್ಲದೆ ಕಳಚಿಹೋಗುತ್ತದೆ. ಮುಂದಿನ ಸಾಲಿಗೆ ‘ಅದು’ ಎಂದು ಬರೆಯಬೇಕಾದಾಗ ನಷ್ಟ ಎದ್ದು ಕಾಣುತ್ತದೆ. ‘ಅವಳು’ ಎಂದರೆ ಇನ್ನೊಂದು ತೊಡಕು. ಹಂಗೇರಿ ಭಾಷೆಯ ಸರ್ವನಾಮಗಳಲ್ಲಿ ಲಿಂಗಭೇದವೇ ಇಲ್ಲ. ಇಂಗ್ಲಿಷಿನಿಂದ ಮಾತ್ರ ಅನುವಾದಿಸುವವರಿಗೆ ಈ ತೊಡಕು ಎದುರಾಗುವುದೇ ಇಲ್ಲ ಎಂಬುದು ನನ್ನ ತಕರಾರು.

ಕ್ರಾಸ್ನಾಹೊರ್ಕಯ್ ಅವರ 2008ರ ಕೃತಿ ‘ಸೆಯೋಬೊ’ದ ಮೊದಲ ಅಧ್ಯಾಯದಲ್ಲಿ ಕ್ಯೋಟೋ ನಗರದ ಕಾಮೊ ನದಿಯ ನೀರಿನಲ್ಲಿ ಬೆಳ್ಳಕ್ಕಿಯೊಂದು ನಿಶ್ಚಲವಾಗಿ ನಿಂತಿದೆ, ಸುತ್ತಲಿನ ನಗರಕ್ಕೆ ಅದರತ್ತ ನೋಡುವ ಪುರುಸೊತ್ತಿಲ್ಲ. ಮೇಲಿನ ಹಕ್ಕಿಗಳನ್ನು ಕಂಡುಬಂದ ಓದುಗನಿಗೆ ಅದರ ಪರಿಚಯ ಹೇಳಬೇಕಾಗಿಲ್ಲ.

ಜನಪದ ಗೀತೆಯ ಹಕ್ಕಿ ಒಂದು ಸಿದ್ಧಸೂತ್ರವಷ್ಟೇ, ಅದರ ಮೇಲೆ ಇಷ್ಟೊಂದು ಸಾಮಾಜಿಕ ಭಾರ ಹೇರಬಾರದು ಎಂಬ ಆಕ್ಷೇಪ ಬರಬಹುದು. ಸೂತ್ರ ಹೌದು. ಆದರೆ ಸೂತ್ರದೊಳಗೆ ಒಂದು ‘ಅಲ್ಲ’ ಸೇರಿದಾಗ ಅಥವಾ ಬಿಟ್ಟುಹೋದಾಗ ಸೂತ್ರದ ಹೆಸರು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ: ಎಲ್ಲ ಹಕ್ಕಿಗಳೂ ಯಾರದೋ ಪ್ರತಿನಿಧಿಯಾಗಿರಲೇಬೇಕೇ? ಇದಕ್ಕೆ ಬೇಲಾ ಬಾರ್ತೋಕ್‌ನ ಕೊನೆಯ ವರ್ಷಗಳನ್ನು ನೋಡಬೇಕು. ಹಳ್ಳಿಹಳ್ಳಿ ಅಲೆದು ಸಾವಿರಾರು ಹಾಡುಗಳನ್ನು ಸಂಗ್ರಹಿಸಿದ್ದ ಆತ 1940ರಲ್ಲಿ ಹಂಗೇರಿಯನ್ನು ತೊರೆದು ಅಮೆರಿಕಕ್ಕೆ ಹೋದ. ಕಾಯಿಲೆಯಲ್ಲಿದ್ದಾಗ, 1944ರ ವಸಂತದಲ್ಲಿ, ಉತ್ತರ ಕೆರೊಲಿನದ ಆಶ್‌ವಿಲ್‌ನಲ್ಲಿ ಅಲ್ಲಿನ ಹಕ್ಕಿಗಳ ಕೂಗುಗಳನ್ನು ಸ್ವರಲಿಪಿಯಲ್ಲಿ ಬರೆದಿಟ್ಟುಕೊಂಡ. ರೈತರ ಹಾಡುಗಳನ್ನು ಬರೆದುಕೊಳ್ಳುತ್ತಿದ್ದ ಅದೇ ಕಿವಿ, ಅದೇ ಶಿಸ್ತು. ಆ ಕೂಗುಗಳು 1945ರಲ್ಲಿ ರಚಿಸಿದ ಮೂರನೆಯ ಪಿಯಾನೊ ಕನ್ಚೆರ್ಟೋದ ಎರಡನೆಯ ಭಾಗದ ನಡುವೆ ಬರುತ್ತವೆ. ಸುತ್ತ ಪ್ರಾರ್ಥನೆಯಂಥ ನಿಧಾನಗತಿ, ಮಧ್ಯದಲ್ಲಿ ಪರದೇಶದ ಹಕ್ಕಿಗಳು. ಅವು ಹಂಗೇರಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಅವುಗಳ ಮರದಲ್ಲಿ ಅವು ಕೂತಿವೆ, ಹೊರಗಿನವನು ಕೇಳಿಸಿಕೊಳ್ಳುತ್ತಿರುವವನೇ. ಕೊನೆಯ ಹದಿನೇಳು ಗತಿಗಳ ವಾದ್ಯವಿನ್ಯಾಸ ಮುಗಿಯುವ ಮುನ್ನವೇ, 1945ರ ಸೆಪ್ಟೆಂಬರ್ 26ರಂದು, ಬಾರ್ತೋಕ್ ನ್ಯೂಯಾರ್ಕಿನಲ್ಲಿ ತೀರಿಕೊಂಡ; ಅವುಗಳನ್ನು ಅವನ ಗೆಳೆಯ ತಿಬೊರ್ ಶೆರ್ಲಿ ಪೂರ್ತಿಗೊಳಿಸಿದ. 1988ರಲ್ಲಿ ಅವನ ಅವಶೇಷಗಳನ್ನು ಬುಡಾಪೆಸ್ಟಿಗೆ ತಂದು ಫರ್ಕಶ್‌ರೇತ್ ಸ್ಮಶಾನದಲ್ಲಿ ಮತ್ತೆ ಮಣ್ಣು ಮಾಡಲಾಯಿತು.